ಎರಡು ಚಿತ್ರಗಳ ನಡುವಿನ ಅಂತರ: ಮಕ್ಕಳ ಸ್ಟಾಪ್ ಮೋಷನ್ ಕಲಿಕೆಯಲ್ಲಿ ಲಯದ ಪ್ರಶ್ನೆ

ಮಕ್ಕಳಿಗೆ ಸ್ಟಾಪ್ ಮೋಷನ್ ಕಲಿಸುವಾಗ ಸಾಮಾನ್ಯವಾಗಿ ಮೊದಲು ಕಥೆ ಬರೆಸುತ್ತೇವೆ, ಆಮೇಲೆ ಸ್ಟೋರಿಬೋರ್ಡ್, ಬಳಿಕ ಜೇಡಿಮಣ್ಣಿನ ಗೊಂಬೆ, ಕೊನೆಗೆ ಕ್ಯಾಮೆರಾ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ಪ್ರಸ್ತುತ ಲೇಖನದ ವಾದ. ಚಲನೆಯ ಅಳತೆ ಕೈಗೆ ಹತ್ತದ ಮಗುವಿಗೆ ತನ್ನ ಕಥೆಯನ್ನು ತೆರೆಯ ಮೇಲೆ ಹೇಳುವುದು ಕಷ್ಟ.

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮುಗಳು. ಪ್ರತಿ ಚಿತ್ರವನ್ನೂ ಎರಡು ಫ್ರೇಮುಗಳಷ್ಟು ಹೊತ್ತು ನಿಲ್ಲಿಸಿದರೆ 12 ಚಿತ್ರ ಸಾಕು. ಈಗ ಒಂದು ಹುಣಸೆಬೀಜವನ್ನು 30 ಸೆಂ.ಮೀ. ಸ್ಕೇಲಿನ ಪಕ್ಕದಲ್ಲಿ 12 ಹೆಜ್ಜೆಗಳಲ್ಲಿ ಸರಿಸಲು ಹೇಳೋಣ. ಪ್ರತಿ ಹೆಜ್ಜೆಗೂ ಎರಡೂವರೆ ಸೆಂ.ಮೀ. ಸರಿಸಿದರೆ ಬೀಜ ಯಂತ್ರದಂತೆ ಜಾರುತ್ತದೆ. ಅದೇ ದೂರವನ್ನು 0.5, 1, 2, 3, 4, 4.5 ಸೆಂ.ಮೀ. ಎಂದು ಹಿಗ್ಗಿಸುತ್ತ ಹೋಗಿ, ಅದೇ ಅಳತೆಯಲ್ಲಿ ಕುಗ್ಗಿಸುತ್ತ ಬಂದರೆ ಬೀಜ ಮೊದಲು ಅನುಮಾನಿಸುತ್ತದೆ, ಓಡುತ್ತದೆ, ದಣಿದು ನಿಲ್ಲುತ್ತದೆ. ದೂರವೂ ಹೊತ್ತೂ ಬದಲಾಗಿಲ್ಲ. ಬೀಜಕ್ಕೆ ಮಾತ್ರ ಜೀವ ಬಂದಿದೆ. ತಾಳ ಹಾಕಿ ಬೆಳೆದ ಮಗುವಿಗೆ ಇದು ಹೊಸ ಸಂಗತಿಯಲ್ಲ: ಕಾಲಪ್ರಮಾಣ ಹಾಗೇ ಇದ್ದು ನಡೆ ಬದಲಾಗುವುದನ್ನು ಅದರ ಅಂಗೈ ಬಲ್ಲದು. ನಮ್ಮ ಸಂಗೀತ ಪಾಠಕ್ಕೂ ಆನಿಮೇಷನ್ ಪಾಠಕ್ಕೂ ಈ ನಂಟನ್ನು ಇನ್ನೂ ಬೆಸೆದಿಲ್ಲವೆಂಬುದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ.

ಫ್ರೇಮಿನಲ್ಲಿ ಇರುವುದಕ್ಕಿಂತ ಎರಡು ಫ್ರೇಮುಗಳ ನಡುವೆ ನಡೆಯುವುದೇ ಮುಖ್ಯವೆಂದು ಕೆನಡಾದ ನಾರ್ಮನ್ ಮೆಕ್‌ಲಾರೆನ್ ನಂಬಿದ್ದರು. 1952ರ ‘ನೇಬರ್ಸ್’ ಚಿತ್ರದಲ್ಲಿ ಅವರು ಜೀವಂತ ನಟರನ್ನೇ ಗೊಂಬೆಗಳಂತೆ ಬಳಸಿದರು. ಪ್ರತಿ ನೆಗೆತದ ತುದಿಯಲ್ಲಷ್ಟೇ ಚಿತ್ರ ತೆಗೆದರೆ ಮನುಷ್ಯ ನೆಲ ಮುಟ್ಟದೆ ತೇಲುತ್ತಾನೆ. ಶಾಲೆಯ ಅಂಗಳದಲ್ಲಿ ಇದಕ್ಕೆ ಮಣ್ಣೂ ಬೇಡ, ಗೊಂಬೆಯೂ ಬೇಡ; ಮಗುವಿನ ಮೈಯೇ ಎಣಿಕೆ ಕಲಿಯುತ್ತದೆ.

ಮಕ್ಕಳೇ ಬಿಡಿಸಿ, ಕತ್ತರಿಸಿ, ಸರಿಸಿ ಸಿನಿಮಾ ಮಾಡಬಲ್ಲರೆಂಬುದಕ್ಕೆ ಯಿವಾನ್ ಆ್ಯಂಡರ್ಸನ್ 1963ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಯೆಲ್ಲೋ ಬಾಲ್ ವರ್ಕ್‌ಶಾಪ್ ಸಾಕ್ಷಿ. ಮುಂದೆ ‘ವಾಲೇಸ್ ಅಂಡ್ ಗ್ರೋಮಿಟ್’ ರೂಪಿಸಿದ ನಿಕ್ ಪಾರ್ಕ್ 13ರ ಹರೆಯದಲ್ಲಿ ಅಮ್ಮನ ಕ್ಯಾಮೆರಾದಿಂದಲೇ ಚಿತ್ರ ಮಾಡತೊಡಗಿದ್ದರು. ಒಂದೊಂದೇ ಫ್ರೇಮು ತೆಗೆಯುವ ಅನುಕೂಲ ಅದರಲ್ಲಿತ್ತು. ಇಂದು ಆ ಅನುಕೂಲ ಮೊಬೈಲಿನಲ್ಲಿದೆ, ಜೊತೆಗೆ ತೆಗೆದದ್ದನ್ನು ತಕ್ಷಣವೇ ಓಡಿಸಿ ನೋಡಬಹುದು.

ಆದರೆ ಮೊಬೈಲು ಪ್ರತಿ ಚಿತ್ರಕ್ಕೂ ಬೆಳಕನ್ನು ತಾನೇ ಹೊಂದಿಸಿಕೊಳ್ಳುವುದರಿಂದ ತೆರೆ ಮಿನುಗುತ್ತದೆ. ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ, ಕಿಟಕಿ ಮುಚ್ಚಿ, ಒಂದೇ ದೀಪ ಹಚ್ಚಿಡುವುದು ಶಿಕ್ಷಕರ ಹೊಣೆ. ಬೀಜವನ್ನು ಸರಿಸುವುದು ಮಾತ್ರ ಅವರ ಕೆಲಸವಲ್ಲ. ಹೆಜ್ಜೆ ತಪ್ಪಿದ ಚಿತ್ರವನ್ನು ಸಂಕಲನದಲ್ಲಿ ದೊಡ್ಡವರು ತಿದ್ದಿಕೊಟ್ಟರೆ, ಅದು ಎಲ್ಲಿ ತಪ್ಪಿತೆಂದು ಮಗುವಿಗೆ ತಿಳಿಯುವುದೇ ಇಲ್ಲ. ಬೀಜ ನಡುದಾರಿಯಲ್ಲಿ ತಡೆದು ನಿಂತಿದ್ದರೆ, ಏಕೆ ನಿಂತಿತೆಂದು ಕೇಳಬೇಕು. ಇರುವೆ ಅಡ್ಡ ಬಂತು ಎಂದು ಮಗು ಹೇಳಿದರೆ, ಒಂದು ಇರುವೆ ಮಾಡಲು ಜೇಡಿಮಣ್ಣು ಕೊಡಬೇಕು.