ಲೆಕ್ಕದಲ್ಲಿ ಹುಟ್ಟುವ ರೂಪ: ಕೈದಾಳದ ಶಿಲ್ಪದಿಂದ ಫ್ರ್ಯಾಕ್ಟಲ್ ಚಿತ್ರದವರೆಗೆ

ಗಣಿತದ ಸೂತ್ರವೊಂದನ್ನು ಕಂಪ್ಯೂಟರಿಗೆ ಕೊಟ್ಟು ಬರಿಸಿದ ಫ್ರ್ಯಾಕ್ಟಲ್ ಚಿತ್ರಗಳು ಕಲೆಯೋ ಅಲ್ಲವೋ ಎಂಬ ವಾದ 1980ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ಬಿಸಿಯೇರಿತು. ಚಿತ್ರವನ್ನು ಲೆಕ್ಕವೇ ಬರೆದು ಮುಗಿಸುವುದಾದರೆ ಕಲಾವಿದನಿಗೆ ಅಲ್ಲೇನು ಕೆಲಸ ಎಂಬುದು ಆ ವಾದದ ತಿರುಳು. ಲೆಕ್ಕದಿಂದ ರೂಪ ಹೊರಡಿಸುವ ಕಸುಬು ಮಾತ್ರ ತುಮಕೂರು ಸೀಮೆಗೆ ಹೊಸದಲ್ಲ. ಇಲ್ಲಿನ ಹೊಯ್ಸಳ ಗುಡಿಗಳಲ್ಲಿ, ಮನೆ ಮುಂದಿನ ಚುಕ್ಕಿ ರಂಗೋಲಿಯಲ್ಲಿ ಕೈಗೆ ಎಷ್ಟು ಪಾಲಿದೆಯೋ ನಿಯಮಕ್ಕೂ ಅಷ್ಟೇ ಪಾಲಿದೆ.

ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಗೂಳೂರಿನ ಹತ್ತಿರ ಕೈದಾಳ ಸಿಗುತ್ತದೆ. ಊರಲ್ಲಿ ಎರಡು ಹಳೆಯ ಗುಡಿಗಳಿವೆ, ಒಂದು ಗಂಗಾಧರೇಶ್ವರನದು, ಇನ್ನೊಂದು ಚೆನ್ನಕೇಶವನದು. ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಗೂಳಿ ಬಾಚಿ 1150-51ರ ಸುಮಾರಿಗೆ ಇಲ್ಲಿ ಗುಡಿ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಕಡೆದವನ ಹೆಸರನ್ನು ಜನ ತಾವೇ ತುಂಬಿಕೊಂಡರು: ಜಕಣಾಚಾರಿ.

ಕಥೆ ಕನ್ನಡಿಗರೆಲ್ಲ ಬಲ್ಲದ್ದು. ಊರು ಬಿಟ್ಟು ಹೋದ ಶಿಲ್ಪಿ ನಾಡೆಲ್ಲ ಗುಡಿ ಕಟ್ಟುತ್ತ ಬೇಲೂರು ಸೇರುತ್ತಾನೆ. ಅಪ್ಪನನ್ನು ಹುಡುಕಿಕೊಂಡು ಬಂದ ಮಗ ಡಂಕಣ, ಇವನೇ ಅಪ್ಪನೆಂದು ಅರಿಯದೆ, ಮೂಲವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ವಿಗ್ರಹಕ್ಕೆ ಗಂಧ ಬಳಿಯುತ್ತಾರೆ. ಮೈಯೆಲ್ಲ ಒಣಗಿದರೂ ಹೊಕ್ಕುಳ ಬಳಿ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ತಾಗಿಸಿದಾಗ ನೀರು, ಮರಳು, ಜೀವಂತ ಕಪ್ಪೆ ಹೊರಬರುತ್ತವೆ. ದೋಷ ಕಂಡರೆ ಕೈ ಕತ್ತರಿಸಿಕೊಳ್ಳುವೆನೆಂದು ಕೊಟ್ಟ ಮಾತಿನಂತೆ ಜಕಣಾಚಾರಿ ತನ್ನ ಬಲಗೈ ಕತ್ತರಿಸಿಕೊಳ್ಳುತ್ತಾನೆ. ಹುಟ್ಟೂರಾದ ಕೈದಾಳಕ್ಕೆ ಮರಳಿ ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬರುತ್ತದೆ. ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ತೆರೆಗೆ ಬಂದ ಮೇಲಂತೂ ಕಥೆ ಇತಿಹಾಸದಷ್ಟೇ ಗಟ್ಟಿಯಾಯಿತು. ಆದರೆ ಈ ಹೆಸರಿನ ಶಿಲ್ಪಿ ಇದ್ದನೆಂದು ಹೇಳುವ ಹೊಯ್ಸಳ ಶಾಸನ ಒಂದೂ ಇಲ್ಲ.

ಇತಿಹಾಸವಲ್ಲದಿದ್ದರೂ ಕಸುಬಿನ ತಿಳಿವಳಿಕೆಗೆ ಕಥೆ ಒಳ್ಳೆಯ ಸಾಕ್ಷಿ. ಜಕಣಾಚಾರಿ ಅಳತೆಯಲ್ಲಿ ತಪ್ಪಿದ ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಪ್ರಮಾಣ ಸರಿ, ಲಕ್ಷಣ ಸರಿ, ಕೈಚಳಕವೂ ಸರಿ. ಅವನು ಸೋತದ್ದು ಕಲ್ಲನ್ನು ಆರಿಸುವಲ್ಲಿ. ನಿಯಮ ಪಾಲಿಸುವುದು ಯಾವ ಶಿಲ್ಪಿಯೂ ಮಾಡಲೇಬೇಕಾದ ಕೆಲಸ. ಆಯ್ಕೆಯಲ್ಲಿಯೇ ದೊಡ್ಡ ಶಿಲ್ಪಿಯ ಪರೀಕ್ಷೆ ಎಂಬ ನಂಬಿಕೆ ಈ ಕಥೆಯ ಬೆನ್ನಿಗಿದೆ.

ಆ ಕಾಲದ ವಿಗ್ರಹಗಳಲ್ಲಿ ನಿಯಮದ ಹಿಡಿತ ಎಷ್ಟಿತ್ತು ಎಂಬುದಕ್ಕೆ ಕೇಶವನ ಮೂರ್ತಿಯೇ ಉದಾಹರಣೆ. ವಿಷ್ಣುವಿಗೆ ನಾಲ್ಕು ಕೈ. ಹಿಡಿಯಲು ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದು ಎಂಬುದನ್ನು ಅದಲುಬದಲು ಮಾಡುತ್ತ ಹೋದರೆ ಒಟ್ಟು 24 ಜೋಡಣೆ ಸಿಗುತ್ತವೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ 24 ನಾಮಗಳಿಗೆ ಶಾಸ್ತ್ರ ಈ ಜೋಡಣೆಗಳನ್ನೇ ಹಂಚಿಕೊಟ್ಟಿದೆ. ಭಾಸ್ಕರಾಚಾರ್ಯರ ಲೀಲಾವತಿಯ ಅಂಕಪಾಶ ಪ್ರಕರಣದಲ್ಲಿ ಇದೇ ಲೆಕ್ಕವಿದೆ: ಹರಿಯ ನಾಲ್ಕು ಆಯುಧ ಬದಲಾಯಿಸಿದರೆ ಎಷ್ಟು ಮೂರ್ತಿ, ಹತ್ತು ಕೈಯ ಶಂಭುವಿನ ಹತ್ತು ಆಯುಧ ಬದಲಾಯಿಸಿದರೆ ಎಷ್ಟು? ಹರಿಗೆ 24, ಶಂಭುವಿಗೆ 36,28,800. ಲೀಲಾವತಿ ಸೇರಿದ ಸಿದ್ಧಾಂತ ಶಿರೋಮಣಿ ಮುಗಿದದ್ದು 1150ರಲ್ಲಿ, ಅಂದರೆ ಕೈದಾಳದಲ್ಲಿ ಗೂಳಿ ಬಾಚಿಯ ಗುಡಿಗಳು ಏಳುತ್ತಿದ್ದ ಕಾಲಕ್ಕೇ. ಸೂತ್ರ ಕೊಡುವ ರೂಪಗಳ ಪೂರ್ತಿ ಪಟ್ಟಿ ಶಿಲ್ಪಿ ಉಳಿ ಹಿಡಿಯುವ ಮೊದಲೇ ಸಿದ್ಧವಿತ್ತು. ಹಾಗೆಂದು ಹೊಯ್ಸಳ ಕೇಶವಮೂರ್ತಿಗಳನ್ನು ಯಾರೂ ಲೆಕ್ಕದ ಉತ್ತರ ಎಂದು ಕರೆಯಲಿಲ್ಲ.

ಗುಡಿಯ ತಳವಿನ್ಯಾಸದಲ್ಲಿ ಲೆಕ್ಕ ಇನ್ನೂ ಬಿಚ್ಚಿಕೊಂಡು ಕಾಣುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿರುವ ಹೊಯ್ಸಳರ ಚೆನ್ನಕೇಶವ ಗುಡಿಯ ಗರ್ಭಗೃಹದ ಹೊರಮೈ 16 ಮೂಲೆಯ ನಕ್ಷತ್ರ. ಅದನ್ನು ಬರೆಯಲು ಒಂದು ಚೌಕ, ಒಂದು ಗೂಟ, ಒಂದು ಹಗ್ಗ ಇದ್ದರೆ ಸಾಕು: ನಡುವಿನ ಬಿಂದು ಕದಲದಂತೆ ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿಯಷ್ಟು ಮೂರು ಸಲ ತಿರುಗಿಸಿದರೆ ನಾಲ್ಕು ಚೌಕಗಳ ಹದಿನಾರು ಮೂಲೆ ಹೊರಚಾಚುತ್ತವೆ. ಹದಿನೈದು ಡಿಗ್ರಿಯಂತೆ ತಿರುಗಿಸುತ್ತ ಆರು ಚೌಕ ಮಾಡಿದರೆ ಡಂಬಳದ ದೊಡ್ಡಬಸಪ್ಪ ಗುಡಿಯ 24 ಮೂಲೆ ಬರುತ್ತವೆ. ಗೋಡೆ ಮೇಲೇರಿದಂತೆ ನಕ್ಷತ್ರವೂ ಏರುತ್ತದೆ, ಅಂತಸ್ತಿನಿಂದ ಅಂತಸ್ತಿಗೆ ಕುಗ್ಗುತ್ತ ಶಿಖರವಾಗುತ್ತದೆ. ಶಿಖರದ ಪ್ರತಿ ಅಂತಸ್ತೂ ಪುಟ್ಟ ಶಿಖರಗಳ ಸಾಲು. ಗೋಡೆಯ ಮೇಲೂ ಅರೆಗಂಬದ ನೆತ್ತಿಯಲ್ಲಿ ಅದೇ ಶಿಖರದ ಗೇಣುದ್ದದ ಪ್ರತಿ. ಇಡಿಯ ಆಕಾರವೇ ಬಿಡಿಯಲ್ಲೂ ಮರುಕಳಿಸುವ ಈ ಗುಣ ಫ್ರ್ಯಾಕ್ಟಲ್ ರೂಪದ ಮುಖ್ಯ ಲಕ್ಷಣ. ಭಾರತದ ದೇವಾಲಯಗಳನ್ನು ಈ ದೃಷ್ಟಿಯಿಂದ ನೋಡಿದ ಕೀರ್ತಿ ತ್ರಿವೇದಿ ಅವರ ಲೇಖನ 1989ರಲ್ಲಿ ಕಂಪ್ಯೂಟರ್ ಚಿತ್ರಶಾಸ್ತ್ರದ ಪತ್ರಿಕೆಯಲ್ಲೇ ಅಚ್ಚಾಯಿತು. ಹೋಲಿಕೆಗೆ ಒಂದು ಮಿತಿ ಉಂಟು. ಗಣಿತದ ಫ್ರ್ಯಾಕ್ಟಲ್‌ಗೆ ಕೊನೆಯಿಲ್ಲ. ಕಲ್ಲಿನಲ್ಲಿ ಎರಡು ಮೂರು ಮಟ್ಟ ಇಳಿಯುವಷ್ಟರಲ್ಲಿ ಉಳಿಯ ಮೊನೆ ಸೋಲುತ್ತದೆ.

ಯಂತ್ರವೂ ಆಗಲೇ ಇತ್ತು. ಹೊಯ್ಸಳ ಗುಡಿಯ ನವರಂಗದಲ್ಲಿ ಕನ್ನಡಿಯಂತೆ ಹೊಳೆಯುವ ದುಂಡು ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಮರ ಕಡೆದಂತೆ ಅದನ್ನು ಕಡೆಯಬಹುದಿತ್ತು. ಕಂಬದ ಮೈಮೇಲೆ ಸುತ್ತು ಹಾಕಿದ ಕೂದಲೆಳೆಯಂಥ ಗೀರುಗಳು ಅಲ್ಲಲ್ಲಿ ಈಗಲೂ ಕಣ್ಣಿಗೆ ಬೀಳುತ್ತವೆ. ಕಂಬ ತಿರುಗುತ್ತಿದ್ದರೆ ಉಳಿ ನಿಂತಲ್ಲೇ ನಿಂತು ಗಂಟೆ, ಕಳಶ, ಬಳೆಗಳ ಆಕಾರ ಬಿಡಿಸುತ್ತಿತ್ತು. ಒಂದೇ ಅಚ್ಚಿನ ಕಂಬಗಳನ್ನು ಬೇಕಾದಷ್ಟು ತೆಗೆಯುವ ಈ ಉಪಾಯವನ್ನು ಇಂದಿನ ಮಾತಿನಲ್ಲಿ ಕಾರ್ಖಾನೆಯ ಕೆಲಸವೆಂದೇ ಹೇಳಬೇಕು.

ಯಾವುದು ಕಸುಬು, ಯಾವುದು ಅದಕ್ಕಿಂತ ಹೆಚ್ಚಿನದು ಎಂಬ ಗೆರೆಯನ್ನು ಶಿಲ್ಪಿಗಳೇ ಎಳೆದಂತಿದೆ. ಹೊಯ್ಸಳ ಶಿಲ್ಪಿಗಳು ಭಾರತದ ಬೇರೆಡೆಯವರಂತೆ ಹೆಸರು ಮರೆಸಿಕೊಂಡವರಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ರುಜು ಹಾಕಿದ್ದಾರೆ, ಬಿರುದುಗಳನ್ನೂ ಕೊಚ್ಚಿಕೊಂಡಿದ್ದಾರೆ. ಮುಂದಿನ ಶತಮಾನದ ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲೂ ಸೋಮನಾಥಪುರದಲ್ಲೂ ಸಿಗುತ್ತದೆ. ಈ ಹೆಸರುಗಳು ಹೆಚ್ಚಾಗಿ ಕಾಣುವುದು ವಿಗ್ರಹಗಳ ಅಡಿಯಲ್ಲಿ. ಸಾಲುಸಾಲು ಪುಟ್ಟ ಶಿಖರ ಬಿಡಿಸಿದವನಿಗೆ ಅದು ಕೂಲಿಯ ಕೆಲಸ. ಮದನಿಕೆಯ ಕೊರಳು ಎತ್ತ ಬಾಗಬೇಕೆಂದು ನಿಶ್ಚಯಿಸಿದವನಿಗೆ ರುಜು ಹಾಕುವ ಹಕ್ಕು.

ರಂಗೋಲಿಯಲ್ಲಿ ಯಾರ ಹೆಸರೂ ಇಲ್ಲ, ಸಂಜೆಯ ಹೊತ್ತಿಗೆ ರಂಗೋಲಿಯೂ ಇಲ್ಲ. ಉಳಿಯುವುದು ನಿಯಮವೊಂದೇ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಮನೆಗಳಲ್ಲಿ ಅತ್ತೆಯಿಂದ ಸೊಸೆಗೆ, ಅಕ್ಕನಿಂದ ತಂಗಿಗೆ ದಾಟುವುದೂ ಅದೇ: ಹದಿನೈದರಿಂದ ಎಂಟು, ಸಂದು ಚುಕ್ಕಿ. ಇಷ್ಟು ಹೇಳಿದರೆ ಬಲ್ಲವರಿಗೆ ಸಾಕು. ನಡುವೆ 15 ಚುಕ್ಕಿಯ ಸಾಲು, ಅದರ ಮೇಲೂ ಕೆಳಗೂ ಒಂದೊಂದೇ ಕಡಿಮೆಯಾಗುತ್ತ 8ರವರೆಗೆ. ಪ್ರತಿ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ. ಒಟ್ಟು 15 ಸಾಲು, 169 ಚುಕ್ಕಿ, ಆರು ಮೂಲೆಯ ಅಂಗಳ. ಎಳೆ ರಂಗೋಲಿಯಲ್ಲಿ ಗೆರೆ ಚುಕ್ಕಿಯನ್ನು ಮುಟ್ಟದೆ ಸುತ್ತು ಹಾಕುತ್ತ ಹೊರಟಲ್ಲಿಗೇ ಬಂದು ಸೇರಬೇಕು.

ಇದು ಕಂಪ್ಯೂಟರಿಗೂ ಅರ್ಥವಾಗುವ ಭಾಷೆ ಎಂದು ತೋರಿಸಿಕೊಟ್ಟದ್ದು ನೆರೆಯ ಮದ್ರಾಸ್. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ತಮಿಳರ ರಂಗೋಲಿಯಾದ ಕೋಲಗಳಿಗೆ ವ್ಯಾಕರಣ ಬರೆದು 1974ರಲ್ಲಿ ಪ್ರಕಟಿಸಿದರು. ಗಿಡಗಳ ಬೆಳವಣಿಗೆಯನ್ನು ವಿವರಿಸಲು ಅರಿಸ್ಟಿಡ್ ಲಿಂಡೆನ್‌ಮೇಯರ್ 1968ರಲ್ಲಿ ಕಟ್ಟಿದ ನಿಯಮಗಳಿಂದಲೂ ಕೋಲ ಬರೆಯಬಹುದೆಂದು ಮುಂದೆ ಗೊತ್ತಾಯಿತು; ಫ್ರ್ಯಾಕ್ಟಲ್ ಗಿಡಮರಗಳು ಪರದೆಯ ಮೇಲೆ ಚಿಗುರುವುದೂ ಅದೇ ನಿಯಮಗಳಿಂದ. ಸಂಶೋಧಕರು ರಂಗೋಲಿಯನ್ನು ಗಣಿತವೆಂದು ಗುರುತಿಸಿದ್ದು ಅದಕ್ಕೆ ಗೌರವವೇ. ಆದರೆ ಚುಕ್ಕಿ ಎಷ್ಟೆಂದು ಗೊತ್ತಿದ್ದ ಮಾತ್ರಕ್ಕೆ ರಂಗೋಲಿ ಬರುವುದಿಲ್ಲ. ಪುಸ್ತಕ ನೋಡಿ ಬಿಟ್ಟ ರಂಗೋಲಿಗೂ ಬೆರಳ ಸಂದಿಯಿಂದ ಪುಡಿ ಒಂದೇ ಹದದಲ್ಲಿ ಇಳಿದ ರಂಗೋಲಿಗೂ ಇರುವ ವ್ಯತ್ಯಾಸ ಬೀದಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ.

ಯಂತ್ರದ ಮೇಲಿನ ಅನುಮಾನ ಗಟ್ಟಿಯಾಗಿ ಕೇಳತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕ್ಯಾಮೆರಾ ಬಂದ ಮೇಲೆ. ಫೋಟೋ ತೆಗೆಯುವುದು ಯಂತ್ರವಾದ್ದರಿಂದ ಅದಕ್ಕೆ ಕರ್ತೃವಿಲ್ಲ ಎಂಬ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1884ರಲ್ಲಿ ತಳ್ಳಿಹಾಕಿತು. ಮೊಕದ್ದಮೆಯ ಫೋಟೋದಲ್ಲಿದ್ದ ಸಾಹಿತಿ ಆಸ್ಕರ್ ವೈಲ್ಡ್‌ನನ್ನು ಹೇಗೆ ಕೂರಿಸಬೇಕು, ಬೆಳಕು ಎತ್ತಣಿಂದ ಬೀಳಬೇಕು ಎಂದು ನಿಶ್ಚಯಿಸಿದ ಛಾಯಾಗ್ರಾಹಕನೇ ಕರ್ತೃ ಎಂದಿತು. ಅದೇ ವರ್ಷ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಆ ಕಂಪನಿ ಪರದೆ, ಸೀನರಿ, ದೀಪದ ಚಮತ್ಕಾರಗಳಿಗೆ ನಾಡಿನಲ್ಲೆಲ್ಲ ಹೆಸರಾಯಿತು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು 1930ರ ದಶಕದಲ್ಲಿ ಆಡಿದಾಗ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಹವ್ಯಾಸಿ ರಂಗಭೂಮಿಯವರಿಗೆ ಇಂಥ ಅಬ್ಬರ ಒಗ್ಗಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿತ್ತು: ಆನೆ ಕಂಡು ಬಾಯಿ ಬಿಡುವುದಕ್ಕೆ ನಾಟಕ ಬೇಕಿಲ್ಲ. ಆದರೆ ಆ ಪ್ರೇಕ್ಷಕರನ್ನು ಕೊನೆಯ ಅಂಕದವರೆಗೆ ಕೂರಿಸಿದ್ದು ಹಾಡು, ಮಾತು, ವೀರಣ್ಣನವರ ಹಾಸ್ಯ. ಬೆರಗು ಬೇರೆ, ಕಲೆ ಬೇರೆ, ಎರಡೂ ಒಂದೇ ರಂಗದ ಮೇಲೆ ಇರಬಹುದು.

ಕಂಪ್ಯೂಟರ್ ಚಿತ್ರಗಳು ಗ್ಯಾಲರಿಯ ಮೆಟ್ಟಿಲು ಹತ್ತಿದ್ದು 1965ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್ ಮತ್ತು ನ್ಯೂಯಾರ್ಕ್ ನಗರಗಳಲ್ಲಿ. ನ್ಯೂಯಾರ್ಕಿನಲ್ಲಿ ಚಿತ್ರ ಇಟ್ಟವರಲ್ಲಿ ಒಬ್ಬರಾದ ಬೆಲ್ ಲ್ಯಾಬ್ಸ್‌ನ ಮೈಕೆಲ್ ನಾಲ್ ತಮ್ಮ ಚಿತ್ರಕ್ಕೆ ಕೃತಿಸ್ವಾಮ್ಯ ಕೇಳಿದಾಗ, ಇದು ಯಂತ್ರ ಮಾಡಿದ್ದು ಎಂದು ಕಚೇರಿ ಮೊದಲು ನಿರಾಕರಿಸಿತು. ಪ್ರೋಗ್ರಾಂ ಬರೆದದ್ದು ಮನುಷ್ಯ ಎಂದು ವಿವರಿಸಿ ಹೋರಾಡಿದ ಮೇಲೆ ಒಪ್ಪಿತು. ಡಚ್ ಚಿತ್ರಕಾರ ಮಾಂಡ್ರಿಯನ್‌ನ 1917ರ ಗೆರೆಗಳ ಚಿತ್ರವೊಂದನ್ನೂ ಅದರ ಧಾಟಿಯಲ್ಲಿ ಕಂಪ್ಯೂಟರ್ ಬರೆದದ್ದನ್ನೂ ನಾಲ್ ನೂರು ಜನರ ಮುಂದೆ ಇಟ್ಟು ನೋಡಿದರು. ಕಂಪ್ಯೂಟರಿನದು ಯಾವುದೆಂದು ಸರಿಯಾಗಿ ಹೇಳಿದವರು 28 ಮಂದಿ. 59 ಮಂದಿಗೆ ಹಿಡಿಸಿದ್ದು ಕಂಪ್ಯೂಟರಿನ ಚಿತ್ರವೇ.

ಫ್ರ್ಯಾಕ್ಟಲ್‌ಗಳ ಗಣಿತ ಇದಕ್ಕಿಂತ ಹಿಂದಿನದು. ಫ್ರಾನ್ಸಿನ ಗಾಸ್ತೋಂ ಜೂಲಿಯಾ, ಪಿಯೇರ್ ಫಾತು 1918ರ ಹೊತ್ತಿಗೆ ಅದನ್ನು ಕಾಗದದ ಮೇಲೆ ಬಿಡಿಸಿದ್ದರು, ಕಣ್ಣಿಂದ ನೋಡುವ ಸಾಧನ ಅವರಲ್ಲಿರಲಿಲ್ಲ. 1975ರಲ್ಲಿ ಆ ರೂಪಗಳಿಗೆ ಹೆಸರಿಟ್ಟ ಬೆನ್ವಾ ಮ್ಯಾಂಡೆಲ್‌ಬ್ರಾಟ್, ಈಗ ತಮ್ಮ ಹೆಸರಲ್ಲೇ ಪ್ರಸಿದ್ಧವಾದ ಆಕೃತಿಯನ್ನು 1980ರಲ್ಲಿ ಐಬಿಎಂ ಯಂತ್ರದಿಂದ ಅಚ್ಚು ಹಾಕಿಸಿ ನೋಡಿದರು. ಅದರ ಸೂತ್ರ ಒಂದು ಸಾಲಿನದು: ಸಂಖ್ಯೆಯನ್ನು ಅದರಿಂದಲೇ ಗುಣಿಸು, ಒಂದು ಸ್ಥಿರ ಸಂಖ್ಯೆ ಕೂಡಿಸು, ಬಂದದ್ದಕ್ಕೆ ಮತ್ತೆ ಹಾಗೇ ಮಾಡು. ಎಷ್ಟು ಸಲ ಮಾಡಿದರೂ ಉತ್ತರ ಮಿತಿ ಮೀರದಿದ್ದರೆ ಆ ಸ್ಥಿರ ಸಂಖ್ಯೆ ಸೂಚಿಸುವ ಬಿಂದುವಿಗೆ ಕಪ್ಪು. ಮೀರಿದರೆ, ಎಷ್ಟನೆಯ ಸುತ್ತಿಗೆ ಮೀರಿತು ಎಂಬುದರ ಮೇಲೆ ಬಣ್ಣ. ಆದರೆ ಹತ್ತನೆಯ ಸುತ್ತಿಗೆ ಕುಂಕುಮವೋ ನೀಲಿಯೋ ಎಂಬುದನ್ನು ಸೂತ್ರ ಹೇಳುವುದಿಲ್ಲ. ಅಂಚಿನ ಯಾವ ಮೂಲೆಯನ್ನು ಹಿಗ್ಗಿಸಬೇಕು, ಚೌಕಟ್ಟು ಎಲ್ಲಿ ಬೀಳಬೇಕು ಎಂಬುದನ್ನೂ ಹೇಳುವುದಿಲ್ಲ. ಬ್ರೆಮೆನ್ ವಿಶ್ವವಿದ್ಯಾಲಯದ ಹೈಂಜ್-ಒಟ್ಟೊ ಪೈಟ್‌ಗೆನ್ ಮತ್ತು ಪೀಟರ್ ರಿಕ್ಟರ್ 1980ರ ದಶಕದ ನಡುವೆ ಪ್ರದರ್ಶನವಾಗಿ ಊರೂರಿಗೆ ಕಳಿಸಿದ, 1986ರಲ್ಲಿ ಪುಸ್ತಕ ಮಾಡಿದ ಚಿತ್ರಗಳು ಜನರನ್ನು ಹಿಡಿದದ್ದು ಈ ಆಯ್ಕೆಗಳಿಂದ. ಆಯ್ಕೆ ಮಾಡುವವರಿಲ್ಲದೆ ಗುಂಡಿ ಒತ್ತಿ ಬರಿಸಿದ ಸಾವಿರಾರು ಫ್ರ್ಯಾಕ್ಟಲ್‌ಗಳು ಗುಡಿಯ ಗೋಡೆಯ ಪುಟ್ಟ ಶಿಖರಗಳ ಸಾಲಿಗೆ ಸೇರತಕ್ಕವು, ಅಂದವಾಗಿವೆ, ರುಜು ಬೇಡುವುದಿಲ್ಲ. ಎಲ್ಲ ಫ್ರ್ಯಾಕ್ಟಲ್ ಚಿತ್ರವೂ ಕಲೆ ಎನ್ನುವವರು, ಯಾವುದೂ ಅಲ್ಲ ಎನ್ನುವವರು, ಇಬ್ಬರೂ ಚಿತ್ರಗಳನ್ನು ಒಂದೊಂದಾಗಿ ನೋಡುವ ಶ್ರಮ ತಪ್ಪಿಸಿಕೊಂಡವರು.

ಭಾರತದ ಕಾನೂನು ಈ ಜಗಳಕ್ಕೆ ಕೈ ಹಾಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಚಿತ್ರ, ಶಿಲ್ಪ, ಫೋಟೋಗಳನ್ನು ಕಲಾಕೃತಿ ಎಂದು ಕರೆಯುವಾಗ ಅವುಗಳಲ್ಲಿ ಕಲೆಯ ಗುಣ ಇದೆಯೋ ಇಲ್ಲವೋ ನೋಡಬೇಕಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. 1994ರ ತಿದ್ದುಪಡಿಯಿಂದ, ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ಅದು ಉಂಟಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಸೂತ್ರವಾಗಲಿ 24 ಜೋಡಣೆಗಳ ಪಟ್ಟಿಯಾಗಲಿ ಯಾರ ಸ್ವತ್ತೂ ಆಗಲಾರದು. ಫ್ರ್ಯಾಕ್ಟಲ್ ಚಿತ್ರದಲ್ಲಿ ಕೃತಿ ಉಂಟಾಗುವಂತೆ ಮಾಡಿದವರು ಪ್ರೋಗ್ರಾಂ ಬರೆದವರೋ, ಅದನ್ನು ಬಳಸಿ ಚೌಕಟ್ಟು ಬಣ್ಣ ಆರಿಸಿದವರೋ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ.