ಡೆಟ್ರಾಯಿಟ್‌ನ ಮುಂಚೂಣಿ ಗೆದ್ದದ್ದು ಮೊಣಕೈಯಿಂದಲ್ಲ

1989ರ ಜೂನ್‌ನಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ಸತತ ನಾಲ್ಕು ಪಂದ್ಯಗಳಲ್ಲಿ ಸೋಲಿಸಿ ಮೊದಲ ಸಲ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಚಾಂಪಿಯನ್ ಆಯಿತು. ಎರಡೇ ದಿನಕ್ಕೆ ಅದರ ಪವರ್ ಫಾರ್ವರ್ಡ್ ರಿಕ್ ಮಹೋರ್ನ್ ತಂಡದ ಕೈತಪ್ಪಿದರು. ಲೀಗ್‌ಗೆ ಹೊಸ ತಂಡಗಳು ಬರುತ್ತಿದ್ದವು. ಹಳೆಯ ತಂಡಗಳು ಎಂಟು ಆಟಗಾರರನ್ನಷ್ಟೇ ಕಾಯ್ದಿರಿಸಿಕೊಳ್ಳಬಹುದಿತ್ತು, ಉಳಿದವರಲ್ಲಿ ಮಹೋರ್ನ್ ಅವರನ್ನು ಮಿನ್ನೆಸೋಟ ಎತ್ತಿಕೊಂಡಿತು. ‘ಬ್ಯಾಡ್ ಬಾಯ್ಸ್’ ಎಂದು ಹೆಸರಾದ ಆ ತಂಡದಲ್ಲಿ ಮೈಮೇಲೆ ಬೀಳುವ ಆಟಕ್ಕೆ ಮಹೋರ್ನ್ ಮತ್ತು ಸೆಂಟರ್ ಬಿಲ್ ಲೇಂಬಿಯರ್ ಇಬ್ಬರೇ ಮುಖ ಎಂಬಂತಿತ್ತು. ಆ ಗೆಲುವು ಬರೀ ತಳ್ಳಾಟದ್ದಾಗಿದ್ದರೆ, ತಳ್ಳುವವರಲ್ಲಿ ಒಬ್ಬರು ಹೋದ ಮೇಲೆ ತಂಡ ಕುಸಿಯಬೇಕಿತ್ತು. ಆದದ್ದೇ ಬೇರೆ. ಮುಂದಿನ ವರ್ಷ ಪಿಸ್ಟನ್ಸ್ 59 ಪಂದ್ಯ ಗೆದ್ದಿತು, ಎದುರಾಳಿಗಳಿಗೆ ಪಂದ್ಯಕ್ಕೆ ಸರಾಸರಿ 98.3 ಅಂಕ ಮಾತ್ರ ಕೊಟ್ಟಿತು, ಫೈನಲ್‌ನಲ್ಲಿ ಪೋರ್ಟ್‌ಲ್ಯಾಂಡ್ ತಂಡವನ್ನು 4–1ರಿಂದ ಮಣಿಸಿ ಪಟ್ಟ ಉಳಿಸಿಕೊಂಡಿತು. ಹಾಗಾಗಿ ಈ ತಂಡದ ಬಲವನ್ನು ಹುಡುಕಬೇಕಾದದ್ದು ಮೊಣಕೈಯಲ್ಲಿ ಅಲ್ಲ, ಕೋಚ್ ಚಕ್ ಡೇಲಿ ಮುಂಚೂಣಿಯನ್ನು, ಅಂದರೆ ಎತ್ತರದ ಆಟಗಾರರನ್ನು, ಜೋಡಿಸಿದ ರೀತಿಯಲ್ಲಿ.

ಎನ್‌ಬಿಎಯಲ್ಲಿ ಆರನೇ ಫೌಲ್‌ಗೆ ಆಟಗಾರ ಹೊರಗೆ. ಇಬ್ಬರೇ ಎತ್ತರದವರನ್ನು ನಂಬಿಕೊಂಡ ತಂಡ ಮೈಗೆ ಮೈ ತಾಗಿಸಿ ಆಡಹೊರಟರೆ ಮೂರನೇ ಕ್ವಾರ್ಟರ್ ಹೊತ್ತಿಗೆ ಕೈ ಕಟ್ಟಿ ನಿಲ್ಲಬೇಕಾಗುತ್ತದೆ. ಮೊದಲ ಪಟ್ಟದ ವರ್ಷ ಡೇಲಿಯವರ ಬಳಿ ಲೇಂಬಿಯರ್, ಮಹೋರ್ನ್, ಡೆನಿಸ್ ರಾಡ್‌ಮನ್, ಜಾನ್ ಸ್ಯಾಲಿ, ಜೇಮ್ಸ್ ಎಡ್ವರ್ಡ್ಸ್ ಹೀಗೆ ಐವರಿದ್ದರು. ತಲಾ ಐದರಂತೆ 25 ಫೌಲ್ ಖರ್ಚಿಗೆ ಇದ್ದ ಹಾಗೆ. ಒರಟಾಗಿ ಆಡುವ ಧೈರ್ಯ ಬಂದದ್ದೇ ಬೆಂಚಿನಿಂದ. ಐವರ ಕಸುಬೂ ಬೇರೆಬೇರೆ. ಎಡ್ವರ್ಡ್ಸ್ ರಿಂಗ್‌ಗೆ ಬೆನ್ನು ಮಾಡಿ ನಿಂತು, ತಿರುಗಿ ಶಾಟ್ ಹೊಡೆಯುವವರು. ಸ್ಯಾಲಿ ಎರಡನೇ ಆಟಗಾರನಾಗಿ ಓಡಿ ಬಂದು ಚೆಂಡು ತಡೆಯುವವರು. ಹೊಸ ಆಟಗಾರರನ್ನು ಆರಿಸುವ 1986ರ ಡ್ರಾಫ್ಟ್‌ನಲ್ಲಿ 27ನೆಯವರಾಗಿ ಬಂದ ರಾಡ್‌ಮನ್, ಸಹ ಆಟಗಾರರು ಹೊಡೆದ ಚೆಂಡು ಗಾಳಿಯಲ್ಲಿ ಹೇಗೆ ತಿರುಗುತ್ತದೆ, ರಿಂಗ್‌ಗೆ ಬಡಿದು ಯಾವ ಕಡೆಗೆ ಸಿಡಿಯುತ್ತದೆ ಎಂದು ಲೆಕ್ಕ ಹಾಕಿ ನೋಡುತ್ತಿದ್ದರು. 1990ರಲ್ಲಿ ವರ್ಷದ ಶ್ರೇಷ್ಠ ಡಿಫೆನ್ಸ್ ಆಟಗಾರ ಎನಿಸಿಕೊಂಡರು. ಇನ್ನು ಲೇಂಬಿಯರ್ ಎತ್ತರಕ್ಕೆ ಜಿಗಿಯುವವರೇ ಅಲ್ಲ. ಆದರೂ 1985–86ರಲ್ಲಿ ಪಂದ್ಯಕ್ಕೆ 13.1 ರೀಬೌಂಡ್ (ಗುರಿ ತಪ್ಪಿ ಸಿಡಿದ ಚೆಂಡು) ಹಿಡಿದು ಇಡೀ ಲೀಗ್‌ಗೆ ಮೊದಲಿಗರಾಗಿದ್ದರು. ಅವರ ಉಪಾಯ ಇಷ್ಟೇ: ಶಾಟ್ ಹೊರಟ ಕ್ಷಣಕ್ಕೆ ಚೆಂಡನ್ನು ಬಿಟ್ಟು ಎದುರಾಳಿಯನ್ನು ಹುಡುಕುವುದು, ಮಂಡಿ ಬಗ್ಗಿಸಿ ಸೊಂಟವನ್ನು ಅವನ ತೊಡೆಗೆ ಒತ್ತಿ ಜಾಗ ಹಿಡಿಯುವುದು, ಆಮೇಲೆ ತಲೆ ಎತ್ತುವುದು. ಚೆಂಡು ತಾನಾಗಿ ಕೈಗೆ ಬಂದಂತೆ ಕಾಣುತ್ತಿತ್ತು. 1990ರ ಫೈನಲ್‌ನ ಎರಡನೇ ಪಂದ್ಯದಲ್ಲಿ ಇದೇ ‘ಒರಟ’ ದೂರದಿಂದ ಆರು ಮೂರಂಕದ ಶಾಟ್ ಹಾಕಿದರು. ಕಬಡ್ಡಿ ಬಲ್ಲವರಿಗೆ ಐವರ ಈ ಹೊಂದಾಣಿಕೆಯನ್ನು ಬಿಡಿಸಿ ಹೇಳಬೇಕಿಲ್ಲ: ರೈಡರ್ ಬೀಳುವುದು ಒಬ್ಬನ ತೋಳ್ಬಲಕ್ಕಲ್ಲ, ಸರಪಳಿ ಮುಚ್ಚಿಕೊಳ್ಳುವ ಹೊತ್ತಿಗೆ.

ಶಿಕಾಗೊ ಬುಲ್ಸ್ ತಂಡದ ಮೈಕೆಲ್ ಜೋರ್ಡನ್ ಅವರನ್ನು ಗಾಳಿಯಲ್ಲೇ ಕೆಡವಿದ್ದು ಸುಳ್ಳೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. 1987ರಲ್ಲಿ ಲೇಂಬಿಯರ್ ಮತ್ತು ಬಾಸ್ಟನ್‌ನ ಲ್ಯಾರಿ ಬರ್ಡ್ ನಡುವೆ ನಡೆದ ಹೊಡೆದಾಟವೂ ಸುಳ್ಳಲ್ಲ. ಎದುರಾಳಿಯ ಎಲುಬಿಗೆ ಕುತ್ತು ತರುವ ಫೌಲ್‌ಗಳಿಗೆ ಯಾವ ಸಮರ್ಥನೆಯೂ ಇಲ್ಲ. 1990–91ರಿಂದ ಲೀಗ್, ಅನಗತ್ಯವಾಗಿ ಒರಟಾದ ಫೌಲ್‌ಗೆ ಹೆಚ್ಚು ಶಿಕ್ಷೆ ಕೊಡುವ ಫ್ಲೇಗ್ರಂಟ್ ಫೌಲ್ ನಿಯಮ ತಂದದ್ದು ಸರಿಯಾಗಿಯೇ ಇತ್ತು. ಆದರೆ ಜೋರ್ಡನ್ ಅವರನ್ನು ತಡೆಯಲು ಪಿಸ್ಟನ್ಸ್ ಹೂಡಿದ ‘ಜೋರ್ಡನ್ ರೂಲ್ಸ್’ ಅಂದರೆ ಕೆಡವುವುದಷ್ಟೇ ಅಲ್ಲ. ಮೊದಲು ಗಾರ್ಡ್ ಜೋ ಡುಮಾರ್ಸ್ ಕಾಲು ಸರಿಸಿ ದಾರಿ ತಿರುಗಿಸಬೇಕು, ಎರಡನೆಯವನು ತಕ್ಕ ಹೊತ್ತಿಗೆ ಬರಬೇಕು, ಅದೂ ದಾಟಿದರೆ ರಿಂಗ್ ಬಳಿ ದೊಡ್ಡ ಆಳು. ಆಗ ಎನ್‌ಬಿಎಯಲ್ಲಿ ಜೋನ್ ಡಿಫೆನ್ಸ್‌ಗೆ ಅವಕಾಶವಿರಲಿಲ್ಲ. ನೆರವಿಗೆ ಬರುವವನು ಮೊದಲೇ ರಿಂಗ್ ಕೆಳಗೆ ಕಾದು ನಿಲ್ಲುವಂತಿರಲಿಲ್ಲ. ಪ್ರತಿ ಸಲವೂ ಓಡಿ ಬಂದು ಮುಟ್ಟಬೇಕಿತ್ತು. ಸುಸ್ತಾದ ಕಾಲುಗಳಿಂದ ಆಗುವ ಕೆಲಸವಲ್ಲ ಅದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೊಸ ನಿಯಮ ಬಂದ ಮೊದಲ ವರ್ಷವೇ, 1991ರಲ್ಲಿ, ಶಿಕಾಗೊ ಬುಲ್ಸ್ ಪಿಸ್ಟನ್ಸ್ ತಂಡವನ್ನು ಸರಣಿಯಲ್ಲಿ 4–0ರಿಂದ ತೊಳೆದುಹಾಕಿತಲ್ಲ? ನಿಯಮದ ಪಾಲು ಅದರಲ್ಲಿ ಇರಲೇಬೇಕು. ಆದರೆ ಆ ಹೊತ್ತಿಗೆ ಎಡ್ವರ್ಡ್ಸ್‌ಗೆ 35, ಲೇಂಬಿಯರ್‌ಗೆ 34. ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಿಂದ ನಾಯಕ ಐಸಯ್ಯ ಥಾಮಸ್ ಆ ವರ್ಷ ಬಹಳ ಪಂದ್ಯ ಆಡಿರಲಿಲ್ಲ. ಎದುರಿಗೆ ಸ್ಕಾಟಿ ಪಿಪ್ಪೆನ್, ಹೊರೇಸ್ ಗ್ರಾಂಟ್ ಪಳಗಿದ್ದರು. ಸೋತದ್ದು ವಯಸ್ಸಾದ ಮುಂಚೂಣಿ. ಕೊನೆಯ ಪಂದ್ಯ ಮುಗಿಯುವ ಮೊದಲೇ ಹಲವು ಆಟಗಾರರು ಕೈಕುಲುಕದೆ ಎದ್ದು ಹೋದದ್ದು ಮಾತ್ರ ಅವರು ತಮ್ಮ ಆಟಕ್ಕೇ ಮಾಡಿಕೊಂಡ ಅನ್ಯಾಯ. ಜನರ ನೆನಪಿನಲ್ಲಿ ಆ ನಡಿಗೆಯೇ ಉಳಿಯಿತು. 1990ರ ಫೈನಲ್‌ನ ವಿಡಿಯೊ ಸಿಕ್ಕರೆ ಒಮ್ಮೆ ಚೆಂಡಿನ ಮೇಲಿನ ಕಣ್ಣು ತೆಗೆದು, ಶಾಟ್ ಹೊರಟ ಕೂಡಲೇ ಲೇಂಬಿಯರ್ ಕಾಲು ಎಲ್ಲಿ ಊರುತ್ತಾರೆ ಎಂಬುದನ್ನಷ್ಟೇ ನೋಡಿ.