ಹೈದರಾಬಾದಿನ ರಾತ್ರಿ ಕಾವಲು

ಕನ್ನಡದಲ್ಲಿ ಕಳ್ಳ ಮನೆಗೆ ಕನ್ನ ಹಾಕುತ್ತಾನೆ. ತೆಲುಗಿನಲ್ಲೂ ಅವನು ಕನ್ನಂ ದೊಂಗ. ಎರಡೂ ಕಡೆ ಕನ್ನವೆಂದರೆ ಗೋಡೆಯಲ್ಲಿ ಕೊರೆದ ತೂತು. ಇವತ್ತು ಬೀಗ ಮುರಿದು ನುಗ್ಗಿದರೂ ಪತ್ರಿಕೆಗಳು ‘ಮನೆಗೆ ಕನ್ನ’ ಎಂದೇ ಬರೆಯುತ್ತವೆ; ಬ್ಯಾಂಕ್ ಖಾತೆಗೂ ಕನ್ನ ಬೀಳುತ್ತದೆ. ಮಣ್ಣಿನ ಗೋಡೆ ಹೋದರೂ ಮಾತಿನಲ್ಲಿ ತೂತು ಉಳಿದುಕೊಂಡಿದೆ.

ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ಗೋಡೆಯ ಮುಂದೆ ನಿಂತು, ಕನ್ನದ ಆಕಾರ ಅರಳಿದ ತಾವರೆಯಂತಿರಲೋ, ಪೂರ್ಣಕುಂಭದಂತಿರಲೋ ಎಂದು ಯೋಚಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದಕ್ಕೆ ಜನಿವಾರದಲ್ಲೇ ಅಳೆಯುತ್ತಾನೆ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಗೆ ಇಂಥ ರಸಿಕತೆ ಇರಲಿಲ್ಲ. ಆದರೂ ಅದರ 445ನೆಯ ಕಲಮು ಕೊಡುತ್ತಿದ್ದ ಮೊದಲ ಉದಾಹರಣೆ ಇದೇ: ಗೋಡೆಗೆ ತೂತು ಕೊರೆದು ಒಳಗೆ ಕೈ ಹಾಕಿದವನು.

ಹೈದರಾಬಾದು ಕಾವಲಿಗೆಂದು ಮೊದಲು ಕಟ್ಟಿಕೊಂಡದ್ದು ಒಂದೊಂದು ಮನೆಯ ಗೋಡೆಯನ್ನಲ್ಲ, ಇಡೀ ಊರಿನ ಗೋಡೆಯನ್ನು. ಮೊಗಲರ ಸುಬೇದಾರ ಮುಬಾರಿಜ್ ಖಾನ್ ಅದನ್ನು ಶುರುಮಾಡಿಸಿದ. 1724ರಲ್ಲಿ ಅವನು ಯುದ್ಧದಲ್ಲಿ ಸತ್ತ ಮೇಲೆ, ಅವನನ್ನು ಸೋಲಿಸಿದ ಮೊದಲನೆಯ ಆಸಫ್ ಜಾ ಮುಗಿಸಿದ. ಅದರಲ್ಲಿ ದೊಡ್ಡ ದರ್ವಾಜೆಗಳು. ಅವುಗಳ ನಡುನಡುವೆ ಸಣ್ಣ ಬಾಗಿಲುಗಳು, ಅವಕ್ಕೆ ‘ಖಿಡಕಿ’ ಎಂದು ಹೆಸರು. ಕನ್ನಡದ ‘ಕಿಟಕಿ’ ಇದೇ ಮಾತು, ನಮ್ಮಲ್ಲಿಗೆ ಬರುವಾಗ ಮನುಷ್ಯ ತೂರುವಷ್ಟು ಅಗಲ ಕಳೆದುಕೊಂಡಿದೆ. ರಾತ್ರಿ ದರ್ವಾಜೆ ಹಾಕಿದರೆ ಹೊರಗಿನವರು ಹೊರಗೆ. ಒಳಗೇ ಇರುವ ಕಳ್ಳನಿಗೆ ಈ ಗೋಡೆಯಿಂದ ಏನೂ ತೊಂದರೆಯಿರಲಿಲ್ಲ. ಈಗ ಉಳಿದಿರುವುದು ಪುರಾನಾ ಪುಲ್ ಮತ್ತು ದಬೀರ್‌ಪುರದ ದರ್ವಾಜೆಗಳಷ್ಟೆ.

ಆ ಕಳ್ಳನಿಗಾಗಿಯೇ ಅಮೀರರ ದೇವಡಿಗಳು ಬೀದಿಗೆ ಬೆನ್ನು ತಿರುಗಿಸಿ ನಿಂತವು: ಹೊರಗೆ ಎತ್ತರದ ಕುರುಡು ಗೋಡೆ, ಒಂದೇ ಹೆಬ್ಬಾಗಿಲು, ಬೆಳಕು ಗಾಳಿಯೆಲ್ಲ ಒಳಗಿನ ಅಂಗಳದಿಂದ. ಹೆಬ್ಬಾಗಿಲಲ್ಲಿ ಕಾವಲಿಗೆ ಹದ್ರಮೌತ್‌ನಿಂದ ಬಂದ ಅರಬರು, ಕೆಲವೆಡೆ ರೋಹಿಲರು, ಸಿಖ್ಖರು. ನಗರದ ದಕ್ಷಿಣದ ಬಾರ್ಕಸ್ ಬಡಾವಣೆಯ ಹೆಸರು ಬಂದಿರುವುದು ಅವರ ಬ್ಯಾರಕ್ಸಿನಿಂದಲೇ. ಅರಬ್ ಜಮಾದಾರರು ಕಾವಲಿನ ಜೊತೆಗೆ ಬಡ್ಡಿ ವ್ಯವಹಾರಕ್ಕೂ ಇಳಿದರು. ಸಾಲ ವಸೂಲಿಗೆ ಕತ್ತಿ ಕಟ್ಟಿಕೊಂಡ ಆಳು ಹೋಗಿ ಬಾಗಿಲಲ್ಲಿ ಕೂತರೆ, ಒಳಗಿದ್ದವರಿಗೆ ಕಳ್ಳನೇ ಮೇಲು ಅನ್ನಿಸಿರಬೇಕು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗ್ ಮಾಡಬೇಕಾಗಿ ಬಂದ ಮೊದಲ ಕೆಲಸಗಳಲ್ಲಿ ಈ ಕಾವಲುಗಾರರ ಕೈ ಕಟ್ಟುವುದೂ ಒಂದು.

ನಗರದ ಪೊಲೀಸು ಕೊತ್ವಾಲನ ಕೈಯಲ್ಲಿತ್ತು. ಕೋಟೆ ಕಾಯುವವ ಎಂಬ ಅರ್ಥದ ಹಳೆಯ ಪದ ಪಾರಸಿಯ ಉಡುಪು ತೊಟ್ಟು ವಾಪಸು ಬಂದದ್ದು. ಗಸ್ತು, ಪಹರೆ, ಚೌಕಿ: ಕನ್ನಡದವರ ರಾತ್ರಿ ಕಾವಲಿನ ಮಾತುಗಳಲ್ಲಿ ಅರ್ಧ ಆ ಆಡಳಿತದ್ದೇ. ನಿಜಾಮರ ಕೆಳಗಿದ್ದ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಇವು ಮನೆಮಾತು. ಕೊತ್ವಾಲರಲ್ಲಿ ಊರು ಇಂದಿಗೂ ನೆನೆಯುವವರು 1920ರಿಂದ 1934ರವರೆಗೆ ಆ ಹುದ್ದೆಯಲ್ಲಿದ್ದ ರಾಜಾ ಬಹಾದ್ದೂರ್ ವೆಂಕಟರಾಮ ರೆಡ್ಡಿ. ಪೊಲೀಸಿನವರಾಗಿದ್ದೂ ಅವರ ಹೆಸರು ನಿಂತದ್ದು ಮುಖ್ಯವಾಗಿ ಒಂದು ವಿದ್ಯಾರ್ಥಿ ನಿಲಯದಿಂದ, ರೆಡ್ಡಿ ಹಾಸ್ಟೆಲಿನಿಂದ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು, ಊರಗೋಡೆಯ ಭಾಗಗಳನ್ನು ಒಯ್ದಿತು. 1912ರಲ್ಲಿ ನಗರ ಸುಧಾರಣಾ ಮಂಡಳಿ ಬಂತು. ಉಳ್ಳವರು ನದಿಯಾಚೆ, ಗುಡ್ಡಗಳ ಮೇಲೆ ಬಂಗಲೆ ಕಟ್ಟಿಕೊಂಡರು. ಬಂಗಲೆಗೆ ನಾಲ್ಕು ಕಡೆ ಕಿಟಕಿ, ವರಾಂಡ, ಸುತ್ತ ತೋಟ, ಸೊಂಟದೆತ್ತರದ ಕಾಂಪೌಂಡು. ಚೆಂದಕ್ಕೆ ಕಟ್ಟಿದ ಮನೆ. ಕಾಯುವುದು ಮಾತ್ರ ಕಷ್ಟ. ಕಿಟಕಿಗೆ ಸರಳು, ನಾಯಿ, ಶೀಟಿ ಊದುತ್ತ ಕೋಲು ಕುಟ್ಟುವ ಗೂರ್ಖಾ, ಕಾಂಪೌಂಡಿನ ಮೇಲೆ ನೆಟ್ಟ ಗಾಜಿನ ಚೂರು, ಎಲ್ಲ ಒಂದೊಂದಾಗಿ ಬಂದವು. ಒಟ್ಟಿನಲ್ಲಿ ದೇವಡಿಯ ಗೋಡೆಯನ್ನೇ ಜನ ಬಿಡಿಬಿಡಿಯಾಗಿ ಮತ್ತೆ ಕಟ್ಟಿಕೊಂಡರು.

ಇಷ್ಟರಲ್ಲಿ ಸುತ್ತಲಿನ ಬ್ರಿಟಿಷ್ ಸೀಮೆಯಲ್ಲಿ ಇನ್ನೊಂದು ಬಗೆಯ ಕಾವಲು ಬಂದಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಪಟ್ಟಿಗೆ ಸೇರಿಸುವ ದಾರಿ ಮಾಡಿತು. ತೆಲುಗು ನಾಡಿನ ಸ್ಟುವರ್ಟ್‌ಪುರಂನಲ್ಲಿ ಯೆರುಕಲರನ್ನು ಹಾಗೆ ಕೂಡಿಹಾಕಲಾಯಿತು. ಲಂಬಾಣಿಗಳೂ ಕೆಲವು ಕಡೆ ಆ ಪಟ್ಟಿಯಲ್ಲಿದ್ದರು. ಕಾಯ್ದೆ 1952ರಲ್ಲಿ ರದ್ದಾಯಿತು, ಅನುಮಾನ ರದ್ದಾಗಲಿಲ್ಲ. ಬಡಾವಣೆಯಲ್ಲಿ ಕಳವಾದರೆ ಇಂಥ ಊರಿನವರು, ಇಂಥ ಜಾತಿಯವರು ಎಂಬ ಮಾತು ಈಗಲೂ ಪುರಾವೆಗಿಂತ ಮೊದಲು ಓಡಾಡುತ್ತದೆ. ತೆಲಂಗಾಣ ಪೊಲೀಸರು ಲಕ್ಷಾಂತರ ಕ್ಯಾಮೆರಾಗಳ ಮೇಲೆ ಕಣ್ಣಿಡಲೆಂದು ಕಟ್ಟಿ, 2022ರ ಆಗಸ್ಟಿನಲ್ಲಿ ಉದ್ಘಾಟಿಸಿದ ಕಮಾಂಡ್ ಕಂಟ್ರೋಲ್ ಕೇಂದ್ರ ನಿಂತಿರುವುದು ಬಂಜಾರಾ ಹಿಲ್ಸಿನಲ್ಲಿ. ಬಂಜಾರರೆಂದರೆ ಅದೇ ಲಂಬಾಣಿಗಳು.

ಕ್ಯಾಮೆರಾಗಳು ಬೀದಿಗೆ ಬಂದದ್ದು ಮನೆಗಳ್ಳರಿಗಾಗಿ ಅಲ್ಲ, ಬಾಂಬಿಗಾಗಿ. 2013ರ ಫೆಬ್ರವರಿಯ ದಿಲ್‌ಸುಖ್‌ನಗರ ಸ್ಫೋಟದ ವರ್ಷವೇ ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಕಡ್ಡಾಯ ಮಾಡುವ ಕಾನೂನು ಬಂತು. ಅವುಗಳ ಶಕ್ತಿ ಎಷ್ಟೆಂಬುದನ್ನು 2018ರ ಸೆಪ್ಟೆಂಬರಿನಲ್ಲಿ ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಂ ನೋಡಿತು. ಇಬ್ಬರು ಕಳ್ಳರು ಗಾಳಿಕಿಂಡಿಯ ಸರಳು ಕಿತ್ತು ಹಗ್ಗ ಹಿಡಿದು ಇಳಿದರು, ಕ್ಯಾಮೆರಾದ ಮೂತಿಯನ್ನು ಬೇರೆ ಕಡೆ ತಿರುಗಿಸಿದರು, ವಜ್ರ ಮಾಣಿಕ್ಯ ಕೂಡಿಸಿದ ಚಿನ್ನದ ಟಿಫಿನ್ ಡಬ್ಬಿಯನ್ನೂ ಕಪ್ಪು ಬಸಿಯನ್ನೂ ಎತ್ತಿಕೊಂಡು ಹೋದರು. ಅಂದರೆ, ಶುದ್ಧ ಕನ್ನ. ಸುಮಾರು 10 ದಿನದೊಳಗೆ ಸಿಕ್ಕಿಬಿದ್ದರು. ಅವರಲ್ಲೊಬ್ಬ ಆ ಡಬ್ಬಿಯಲ್ಲೇ ಊಟ ಮಾಡುತ್ತಿದ್ದನೆಂದು ಪೊಲೀಸರು ಹೇಳಿದರು.

ಟಿಫಿನ್ ಡಬ್ಬಿ ಇಲ್ಲದ ಮನೆಗಳಿಗೆ ಪೊಲೀಸರು ಸಂಕ್ರಾಂತಿ, ದಸರೆಗೆ ಹೇಳುವ ಮಾತು ಬಹಳ ಸರಳ: ಊರಿಗೆ ಹೋಗುವ ಮುಂಚೆ ಠಾಣೆಗೆ ತಿಳಿಸಿ, ಒಡವೆ ಲಾಕರಿನಲ್ಲಿಡಿ, ಪೇಪರು ಹಾಲು ನಿಲ್ಲಿಸಿ, ಹೊರಟ ಸುದ್ದಿಯನ್ನು ಫೇಸ್‌ಬುಕ್ಕಿನಲ್ಲಿ ಸಾರಬೇಡಿ. ಎರಡು ಹಬ್ಬಕ್ಕೂ ಹೈದರಾಬಾದಿನ ಅಪಾರ್ಟ್‌ಮೆಂಟುಗಳು ಅರ್ಧ ಖಾಲಿಯಾಗುತ್ತವೆ. ಉಳಿಯುವವರು ಕೆಳಗಿನ ಪಾರ್ಕಿಂಗ್ ಪಕ್ಕದ ಒಂದೇ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇರುವ ವಾಚ್‌ಮನ್. ಮಹಬೂಬ್‌ನಗರದ ಕಡೆಯ ಒಣಭೂಮಿ ಬಿಟ್ಟು ಬಂದವರು ಅವರಲ್ಲಿ ಬಹಳ. ಗಂಡ ಮೋಟಾರು ಹಾಕಿ ಕಾರು ತೊಳೆದರೆ, ಹೆಂಡತಿ ಮೇಲಿನ ಮನೆಗಳ ಪಾತ್ರೆ ತೊಳೆಯುತ್ತಾಳೆ. ಹಬ್ಬಕ್ಕೆ ಅವರು ಊರಿಗೆ ಹೋಗುವಂತಿಲ್ಲ. ರಜೆ ಮುಗಿಸಿ ಬಂದವರಿಗೆ ಬೀಗ ಮುರಿದದ್ದು ಕಂಡರೆ, ಠಾಣೆಗೆ ಮೊದಲು ಕರೆಯುವುದೂ ಅವರನ್ನೇ.